ಪೋಡು, ಹಾಡಿಗಳ ಬದುಕನ್ನು ದಾಖಲಿಸಲು ಹೊರಡುವವರಿಗೆ

ಆದಿವಾಸಿ ಸಮುದಾಯವೊಂದರ ಬದುಕನ್ನು ಕ್ಯಾಮೆರಾ ಮತ್ತು ಬರಹದ ಮೂಲಕ ದಾಖಲಿಸಬೇಕೆಂದು ಹೊರಡುವವರು ಮೊದಲು, ಮನೆ ಬಿಡುವುದಕ್ಕೂ ಮುನ್ನವೇ, ಯಾರ ಬಳಿಗೆ ಹೋಗುತ್ತಿದ್ದೇವೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 42 ಲಕ್ಷ ದಾಟಿತ್ತು. ಅದರಲ್ಲಿ ಬಹುಪಾಲು ನಾಯಕ ಸಮುದಾಯದ್ದು. ನಾಗರಹೊಳೆಯ ಜೇನುಕುರುಬರು, ಕರಾವಳಿಯ ಕೊರಗರು, ಯಲ್ಲಾಪುರ ಮತ್ತು ಹಳಿಯಾಳದ ಕಾಡಂಚಿನ ಸಿದ್ದಿಯರು, ಪಟ್ಟಿಗೆ ಸೇರಿಸಬೇಕೆಂದು ವರ್ಷಗಳಿಂದ ಬೇಡಿಕೆ ಇಟ್ಟಿರುವ ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರು, ಇವರಲ್ಲಿ ಒಬ್ಬರ ನುಡಿ, ದೈವ, ದುಡಿಮೆ ಇನ್ನೊಬ್ಬರದಲ್ಲ. ಇವರೆಲ್ಲರನ್ನೂ ಒಂದೇ ಪ್ರವಾಸದಲ್ಲಿ ಸುತ್ತಿ ಬಂದು ‘ಬುಡಕಟ್ಟು ಸಂಸ್ಕೃತಿ’ ಎಂದು ಬರೆದರೆ ಯಾರ ಸಂಸ್ಕೃತಿಯೂ ದಾಖಲಾಗುವುದಿಲ್ಲ. ಒಂದು ಸಮುದಾಯ, ಒಂದು ಊರು, ಸಾಧ್ಯವಾದರೆ ಒಂದೇ ಕಸುಬು ಅಥವಾ ಒಂದೇ ಹಬ್ಬವನ್ನು ಆರಿಸಿಕೊಂಡು, ಬೇರೆ ಬೇರೆ ಋತುಗಳಲ್ಲಿ ಅಲ್ಲಿಗೇ ಮರಳಿ ಹೋಗುವುದು ಮೇಲು.

ಇಲ್ಲಿನ ಹೆಚ್ಚಿನ ಉದಾಹರಣೆಗಳು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಂಬಂಧಿಸಿದವು. ಸೋಲಿಗರ ಊರನ್ನು ಪೋಡು ಎನ್ನುತ್ತಾರೆ, ಜೇನುಕುರುಬರಂಥವರ ಊರನ್ನು ಹಾಡಿ ಎನ್ನುತ್ತಾರೆ. ಕೆಲಸದ ಕ್ರಮ ಬೇರೆ ಕಡೆಗೂ ಹೊಂದುತ್ತದೆ, ವಿವರಗಳನ್ನು ಮಾತ್ರ ಆಯಾ ಊರಿನಲ್ಲೇ ಹುಡುಕಿಕೊಳ್ಳಬೇಕು. ದಾಖಲಾದವರು ನೋಡಿ, ಕೇಳಿ ‘ಹೌದು, ಇದು ನಮ್ಮದೇ’ ಎಂದು ಒಪ್ಪದ ದಾಖಲೆಯು ಎಷ್ಟೇ ಚೆಂದವಾಗಿದ್ದರೂ ಅಪೂರ್ಣವೆಂದು ನಾನು ನಂಬಿದ್ದೇನೆ. ಮುಂದಿನ ಸಲಹೆಗಳೆಲ್ಲ ಈ ನಂಬಿಕೆಯಿಂದಲೇ ಬಂದವು.

ಹೋಗುವ ಮೊದಲು ತಿಳಿದಿರಬೇಕಾದ ಚರಿತ್ರೆ

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಯಿತು. ಕಾಡಿನೊಳಗೆ ಜಾಗ ಬದಲಿಸುತ್ತ ಬೇಸಾಯ ಮಾಡುತ್ತಿದ್ದ ಸೋಲಿಗರನ್ನು ಒಂದೆಡೆ ನೆಲೆಗೊಳಿಸಲಾಯಿತು. ಬೇಟೆ ನಿಂತಿತು, ಬೇಸಾಯದ ಹಳೆಯ ಕ್ರಮವೂ ನಿಂತಿತು. 2006ರಲ್ಲಿ ಜೇನು, ನೆಲ್ಲಿಕಾಯಿ, ಪಾಚಿ ಮುಂತಾದ ಕಿರು ಅರಣ್ಯ ಉತ್ಪನ್ನಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆ ಬಿತ್ತು. 2011ರ ಆರಂಭದಲ್ಲಿ ಇದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಹಲವು ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಇಷ್ಟನ್ನು ತಿಳಿಯದೆ ಹೋದವರ ಕಣ್ಣಿಗೆ ಪೋಡಿನ ಸಾಲುಮನೆಗಳು ‘ಹಾಳಾದ ಸಂಪ್ರದಾಯ’ವಾಗಿಯೂ, ಹಿತ್ತಿಲ ಕಾಫಿ ಗಿಡಗಳು ‘ಹೊರಗಿನ ಪ್ರಭಾವ’ವಾಗಿಯೂ ಕಾಣುತ್ತವೆ. ಆ ಮನೆಗಳು ಅಲ್ಲಿಗೆ ಹೇಗೆ ಬಂದವು, ಕಾಫಿಯನ್ನು ಏಕೆ ಬೆಳೆಯಬೇಕಾಯಿತು ಎಂಬ ಪ್ರಶ್ನೆಗಳು ದಾಖಲೆಯ ಭಾಗವಾಗಬೇಕು.

ಕ್ಯಾಮೆರಾದ ಚರಿತ್ರೆಯನ್ನೂ ತಿಳಿದಿರಬೇಕು. 1909ರಲ್ಲಿ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದ ಎಡ್ಗರ್ ಥರ್ಸ್ಟನ್, ಜನರ ಮೂಗು, ತಲೆಗಳನ್ನು ಅಳೆದು ವರ್ಗೀಕರಿಸಿದ ಅಧಿಕಾರಿ. ಆ ಕಾಲದ ಚಿತ್ರಗಳಲ್ಲಿ ನಿಂತವರಲ್ಲಿ ಎಷ್ಟೋ ಜನರ ಹೆಸರನ್ನು ಬರೆದಿಟ್ಟಿಲ್ಲ. ಇಂದಿಗೂ ‘ಸೋಲಿಗ ವೃದ್ಧ’, ‘ಹಾಲಕ್ಕಿ ಮಹಿಳೆ’ ಎಂಬ ಅಡಿಬರಹದೊಂದಿಗೆ ಚಿತ್ರ ಪ್ರಕಟಿಸುವವರು ಆ ಪದ್ಧತಿಯನ್ನೇ ಮುಂದುವರಿಸುತ್ತಿದ್ದಾರೆ.

ಅನುಮತಿ

ಸಂರಕ್ಷಿತ ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು, ಚಿತ್ರೀಕರಣಕ್ಕೆ ಪ್ರತ್ಯೇಕ ಅನುಮತಿ ಪಡೆಯಬೇಕಾಗುತ್ತದೆ. ಆದರೆ ಇಲಾಖೆ ಕೊಟ್ಟ ಕಾಗದ ಕಾಡಿನ ಗೇಟು ದಾಟಿಸುತ್ತದೆಯೇ ಹೊರತು ಮನೆಯೊಳಕ್ಕೆ ಕರೆಯುವ ಅಧಿಕಾರ ಅದಕ್ಕಿಲ್ಲ. ಪೋಡಿನ ಯಜಮಾನರನ್ನು, ಪೂಜೆಯ ವಿಷಯವಾದರೆ ಪೂಜಾರಿಯಾದ ತಮ್ಮಡಿಯನ್ನು, ಗ್ರಾಮ ಅರಣ್ಯ ಹಕ್ಕು ಸಮಿತಿಯವರನ್ನು ಮೊದಲು ಕಾಣಬೇಕು. ಹೆಂಗಸರ ಹಾಡು, ಹೆರಿಗೆ, ಅಡುಗೆಗಳ ಬಗ್ಗೆ ಗಂಡಸರು ಕೊಟ್ಟ ಒಪ್ಪಿಗೆ ಸಾಲದು, ಹೆಂಗಸರನ್ನೇ ಕೇಳಬೇಕು.

ಒಪ್ಪಿಗೆ ಕೇಳುವಾಗ ಎಲ್ಲವನ್ನೂ ಬಿಡಿಸಿ ಹೇಳಿ: ನೀವು ಯಾರು, ಚಿತ್ರ ಎಲ್ಲಿ ಪ್ರಕಟವಾಗುತ್ತದೆ, ಅದರಿಂದ ನಿಮಗೆ ಹಣ ಬರುತ್ತದೆಯೇ, ಒಮ್ಮೆ ಜಾಲತಾಣಕ್ಕೆ ಹೋದ ಚಿತ್ರವನ್ನು ಪೂರ್ತಿಯಾಗಿ ಹಿಂಪಡೆಯಲು ಆಗುವುದಿಲ್ಲವೆಂಬುದು. ‘ಫೋಟೋ ತೆಗೀಲಾ?’ ಎಂದು ಕೇಳಿ ತಲೆಯಾಡಿಸಿದ ಕೂಡಲೇ ಬಟನ್ ಒತ್ತುವುದನ್ನು ಒಪ್ಪಿಗೆ ಎನ್ನಲಾಗದು. ಸಹಿ ಹಾಕಿಸಿಕೊಳ್ಳುವುದಕ್ಕಿಂತ ಅವರ ಮಾತಿನಲ್ಲೇ ಒಪ್ಪಿಗೆಯನ್ನು ಧ್ವನಿಮುದ್ರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡವರಿಂದ ಮೋಸಹೋದ ನೆನಪು ಅನೇಕ ಊರುಗಳಲ್ಲಿದೆ. ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ.

ಮಾತಿನ ಬಗ್ಗೆಯೂ ಒಂದು ಎಚ್ಚರ ಅಗತ್ಯ. ಪೇಟೆಯಿಂದ ಬಂದವರು ಹಿರಿಯ ಆದಿವಾಸಿಗಳನ್ನು ಏಕವಚನದಲ್ಲಿ ಮಾತನಾಡಿಸುವುದನ್ನು ನಾನು ನೋಡುತ್ತಲೇ ಇದ್ದೇನೆ, ಅದು ಮನಸ್ಸಿಗೆ ತುಂಬ ನೋವು ಕೊಡುತ್ತದೆ. ಅಜ್ಜ, ಅಜ್ಜಿ, ಅಣ್ಣ, ಅಕ್ಕ ಎಂದು ಕರೆದು ಬಹುವಚನದಲ್ಲಿ ಮಾತನಾಡಿ; ಬರೆಯುವಾಗಲೂ ‘ಹೇಳಿದರು’ ಎಂದೇ ಬರೆಯಿರಿ.

ಹಣದ ವಿಷಯದಲ್ಲಿ ಮುಜುಗರ ಬೇಡ. ನಿಮ್ಮೊಂದಿಗೆ ಇಡೀ ದಿನ ಕಾಡು ಸುತ್ತಿದವರಿಗೆ ಆ ದಿನದ ಕೂಲಿ ಸಲ್ಲಬೇಕು, ಹಾಡಿದವರಿಗೆ ಸಂಭಾವನೆ ಸಲ್ಲಬೇಕು, ಮೊತ್ತವನ್ನು ಮುಂಚೆಯೇ ಮಾತಾಡಿಕೊಳ್ಳಬೇಕು. ಮದ್ಯ ಕೊಟ್ಟು ಹಾಡಿಸುವುದು, ಮಕ್ಕಳಿಗೆ ಮಿಠಾಯಿ ಹಂಚಿ ನಿಲ್ಲಿಸುವುದು ಎಲ್ಲಿಯೂ ಸಲ್ಲದು.

ಕಿವಿ ಮೊದಲು, ಆಮೇಲೆ ಟಿಪ್ಪಣಿ

ಚಿತ್ರಕ್ಕಿಂತ ಮೊದಲು ಧ್ವನಿಯನ್ನು ದಾಖಲಿಸಿ. ಸೋಲಿಗರ ನುಡಿ ಕನ್ನಡಕ್ಕೆ ಬಹಳ ಹತ್ತಿರವಿರುವುದರಿಂದ ಕನ್ನಡಿಗರಿಗೆ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ, ತಪ್ಪುಗಳು ನುಸುಳುವುದೂ ಅಲ್ಲಿಯೇ. ಹಾಡನ್ನು ಬರೆದುಕೊಳ್ಳುವಾಗ ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಕೇಳಿದಂತೆಯೇ ಬರೆದು, ಅರ್ಥವನ್ನು ಹಾಡಿದವರಿಂದಲೇ ಕೇಳಿ ಪಕ್ಕದಲ್ಲಿ ಬರೆಯಿರಿ. ಮೊಬೈಲಿನಲ್ಲೂ ಮುದ್ರಿಸಬಹುದು, ಆದರೆ ಬಟ್ಟೆಗೆ ಸಿಕ್ಕಿಸುವ ಸಣ್ಣ ಮೈಕು ಮತ್ತು ಅದಕ್ಕೊಂದು ಗಾಳಿತಡೆ ಇದ್ದರೆ ಬೆಟ್ಟದ ಗಾಳಿಯಲ್ಲಿ ಮಾತು ಉಳಿಯುತ್ತದೆ. ಸಂಕುಚಿತಗೊಳಿಸದ ವೇವ್ ಫೈಲಿನಲ್ಲಿ ಮುದ್ರಿಸಿ. ಪ್ರತಿ ಮುದ್ರಣದ ಆರಂಭದಲ್ಲಿ ದಿನಾಂಕ, ಪೋಡು, ಹಾಡುವವರ ಹೆಸರು, ಅವರು ಹಾಡನ್ನು ಯಾರಿಂದ ಕಲಿತರು ಎಂಬುದನ್ನು ನಿಮ್ಮ ದನಿಯಲ್ಲೇ ಹೇಳಿ. ಅಂಕೋಲಾದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಹಾಲಕ್ಕಿ ಹಾಡುಗಳ ಹಿಂದೆ ಹೆಸರುಳ್ಳ ಒಬ್ಬ ಕಲಾವಿದೆ ಇದ್ದಾರೆಂಬುದು ನಾಡಿಗೆಲ್ಲ ತಿಳಿಯಿತು. ಅವರಂತೆಯೇ ಹಾಡಿದ ಎಷ್ಟೋ ಅಜ್ಜಿಯರು ಸಂಗ್ರಹಗಳಲ್ಲಿ ಹೆಸರಿಲ್ಲದೆ ಕಳೆದುಹೋಗಿದ್ದಾರೆ.

ಟಿಪ್ಪಣಿ ಎಷ್ಟು ಸೂಕ್ಷ್ಮವಾಗಿರಬೇಕೆಂಬುದಕ್ಕೆ ಜೇನಿನ ಕೆಲಸವನ್ನೇ ನೋಡಿ. ‘ಸೋಲಿಗರು ಮರ ಹತ್ತಿ ಜೇನು ಇಳಿಸುತ್ತಾರೆ’ ಎಂಬ ಸಾಲನ್ನು ಬೆಟ್ಟಕ್ಕೆ ಹೋಗದವರೂ ಬರೆಯಬಲ್ಲರು. ಹೆಜ್ಜೇನೋ, ತುಡುವೆಯೋ, ಕಡ್ಡಿಜೇನೋ, ನಸರುಜೇನೋ? ಹೆಜ್ಜೇನಾದರೆ ಮರದ್ದೋ ಬಂಡೆಯದ್ದೋ? ಮರ ಯಾವುದು, ಆಗ ಕಾಡಿನಲ್ಲಿ ಯಾವ ಹೂ ಬಿಟ್ಟಿತ್ತು? ಹೊಗೆಗೆ ಯಾವ ಸೊಪ್ಪು ಕಟ್ಟಿದರು? ಹತ್ತುವವರು ಒಬ್ಬರಾದರೆ ಕೆಳಗೆ ಹಗ್ಗ ಹಿಡಿದವರು ಅವರಿಗೆ ಏನಾಗಬೇಕು? ಹತ್ತುವ ಮುನ್ನ ಏನು ಹೇಳಿಕೊಂಡರು, ಹಾಡಿದರೇ, ಸುಮ್ಮನಿದ್ದರೇ? ತಟ್ಟಿಯಲ್ಲಿ ಎಷ್ಟು ಭಾಗ ಬಿಟ್ಟರು, ಏಕೆ ಬಿಟ್ಟರು? ಪಾಲು ಹಂಚಿದ್ದು ಹೇಗೆ, ಮನೆಯಲ್ಲಿ ಉಳಿದ ಮುದುಕರಿಗೆ ಪಾಲು ಹೋಯಿತೇ? ಕೆಲಸ ನಡೆಯುವಾಗ ಇವನ್ನೆಲ್ಲ ಕೇಳುತ್ತ ನಿಲ್ಲಬಾರದು. ಕಂಡದ್ದನ್ನು ಎರಡು ಮೂರು ಪದಗಳಲ್ಲಿ ಗುರುತು ಹಾಕಿಕೊಂಡು, ಸಂಜೆ ಜಗಲಿಯಲ್ಲಿ ಕುಳಿತು ಕೇಳಿ, ಅಂದೇ ರಾತ್ರಿ ಪೂರ್ತಿ ಬರೆದಿಡಬೇಕು. ಕಣ್ಣಾರೆ ಕಂಡದ್ದು, ಒಬ್ಬರು ಹೇಳಿದ್ದು, ನಿಮಗೆ ಅನಿಸಿದ್ದು, ಈ ಮೂರನ್ನೂ ಪುಟದಲ್ಲಿ ಬೇರೆ ಬೇರೆಯಾಗಿ ಇಡಿ.

ಚಿತ್ರ ತೆಗೆಯುವಾಗ

ದೂರದಿಂದ ಉದ್ದ ಲೆನ್ಸಿನಲ್ಲಿ ಸೆರೆಹಿಡಿದ ಮುಖಗಳಿಗಿಂತ, 35 ಮಿಲಿಮೀಟರಿನಂಥ ಲೆನ್ಸಿನಲ್ಲಿ ಹತ್ತಿರ ಕುಳಿತು ತೆಗೆದ ಚಿತ್ರದಲ್ಲಿ ಮನುಷ್ಯರೂ ಅವರ ಸುತ್ತಲಿನ ಒಲೆ, ಕುಕ್ಕೆ, ಗೋಡೆಯ ಕ್ಯಾಲೆಂಡರೂ ಸೇರಿ ಬರುತ್ತವೆ. ಮನೆಯೊಳಗೆ ಕತ್ತಲು, ಬಾಗಿಲಾಚೆ ಸುಡುವ ಬಿಸಿಲು ಇದ್ದಾಗ ಕ್ಯಾಮೆರಾ ಹೊರಗಿನ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪಾಗಿಸುತ್ತದೆ. ಬೆಳಕನ್ನು ಮುಖದ ಮೇಲೆ ಅಳೆದು, ಅವರನ್ನು ಬಾಗಿಲ ಬಳಿ ಕೂರಲು ಕೇಳಿ. ಚಿತ್ರ ತಿದ್ದುವಾಗ ಮೈಬಣ್ಣವನ್ನು ತಿಳಿಗೊಳಿಸುವುದೂ, ಸುಕ್ಕುಗಳು ಎದ್ದು ಕಾಣುವಂತೆ ಕಡುವಾಗಿಸುವುದೂ ಬೇಡ. ರಾತ್ರಿಯ ಪೂಜೆ, ಕುಣಿತಗಳಲ್ಲಿ ಫ್ಲ್ಯಾಶ್ ಬಳಸಬೇಡಿ.

ಅಂಗಿ ಬಿಚ್ಚಿಸಿ, ವಾಚು ತೆಗೆಸಿ, ಮೊಬೈಲು ಮರೆಮಾಡಿಸಿ ತೆಗೆದ ಚಿತ್ರ ಸುಳ್ಳು ದಾಖಲೆ. ಕರಿಮಣಿ ಸರಗಳ ಹಾಲಕ್ಕಿ ಅಜ್ಜಿಯ ಪಕ್ಕದಲ್ಲಿ ಚೂಡಿದಾರ ತೊಟ್ಟ ಮೊಮ್ಮಗಳು ಕುಳಿತಿದ್ದರೆ ಇಬ್ಬರೂ ಚೌಕಟ್ಟಿನೊಳಗೆ ಇರಲಿ.

ಕೆಲವು ಚಿತ್ರಗಳನ್ನು ತೆಗೆಯಲೇಬಾರದು. ಅಂಡಮಾನಿನ ಜಾರವಾ ಜನರ ಚಿತ್ರ ತೆಗೆಯುವುದು ಕಾನೂನುಬಾಹಿರ. 2012ರಲ್ಲಿ ಪ್ರವಾಸಿಗರಿಗಾಗಿ ಅವರನ್ನು ಕುಣಿಸಿದ ವಿಡಿಯೋ ಹೊರಬಂದು ದೇಶವೇ ತಲೆತಗ್ಗಿಸಬೇಕಾಯಿತು. ಕರಾವಳಿಯ ಕೊರಗರ ಡೋಲಿನ ವಿಷಯದಲ್ಲೂ ವಿಶೇಷ ಎಚ್ಚರ ಬೇಕು. ಅವರನ್ನು ಅಮಾನುಷವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ 2000ದ ಕಾಯ್ದೆಯಿಂದ ನಿಷೇಧಿಸಿದೆ. ಆ ಪದ್ಧತಿಯಲ್ಲಿ ಬೇರೆಯವರಿಗಾಗಿ ಡೋಲು ಬಾರಿಸುವ ಬಲವಂತವೂ ಇತ್ತು. ಆದ್ದರಿಂದ ‘ಸ್ವಲ್ಪ ಬಾರಿಸಿ ತೋರಿಸಿ’ ಎಂದು ಹೊರಗಿನವರು ಕೇಳುವುದೇ ಗಾಯ ಕೆದಕಿದಂತೆ. ಅವರೇ ತಮ್ಮ ಕೂಟದಲ್ಲಿ, ತಮ್ಮ ಹೆಮ್ಮೆಗಾಗಿ ಬಾರಿಸುವಾಗ ಕರೆದರೆ ಹೋಗಿ.

ಬಿಳಿಗಿರಿಯ ದೊಡ್ಡ ಸಂಪಿಗೆ ಮರದ ಬುಡದಲ್ಲಿ ನಿಲ್ಲಿಸಿದ ಕಲ್ಲುಗಳು ಸೋಲಿಗರಿಗೆ ಪೂಜೆಯ ಜಾಗ. ಅಲ್ಲಿಗೆ ಪ್ರವಾಸಿಗರೂ ಬರುತ್ತಾರಾದ್ದರಿಂದ ಆ ಜಾಗ ಗುಟ್ಟಿನದಲ್ಲ. ಆದರೆ ಕಾಡಿನೊಳಗಿನ ಬೇರೆ ದೈವದ ನೆಲೆಗಳು, ಹೆಜ್ಜೇನಿನ ಬಂಡೆಗಳು, ಔಷಧಿ ಗಿಡಗಳ ತಾಣಗಳು ಹಾಗಲ್ಲ. ಡಿಜಿಟಲ್ ಚಿತ್ರದೊಳಗೆ ಜಿಪಿಎಸ್ ಸ್ಥಾನ ಅಡಗಿರುತ್ತದೆ. ಪ್ರಕಟಿಸುವ ಮೊದಲು ಅದನ್ನು ಅಳಿಸಿ.

ಬರೆಯುವಾಗ

ಸೋಲಿಗರ ಕಥೆಯಲ್ಲಿ ಬಿಳಿಗಿರಿರಂಗ ಅವರ ಹೆಣ್ಣುಮಗಳು ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ಅವರಿಗೆ ರಂಗ ಭಾವ. ದೇವಸ್ಥಾನದ ಸ್ಥಳಪುರಾಣದ ದಾರಿ ಬೇರೆ. ಎರಡನ್ನೂ ಬೆರೆಸಿ ಒಂದು ಸೊಗಸಾದ ಕಥೆ ಹೆಣೆಯಬೇಡಿ. ಯಾವುದನ್ನು ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಹೇಳಿದರೆಂದು ಬರೆಯಿರಿ. ಒಂದೇ ಪೋಡಿನ ಇಬ್ಬರು ಬೇರೆ ಬೇರೆಯಾಗಿ ಹೇಳಿದರೆ ಎರಡೂ ಉಳಿಯಲಿ.

ಹಿರಿಯರ ಮಾತನ್ನು ‘ನಂಬಿಕೆ’ ಎಂದು ಬದಿಗಿಡುವ ಅಭ್ಯಾಸವನ್ನೂ ಬಿಡಬೇಕು. ಬೇಸಿಗೆಯ ಆರಂಭದಲ್ಲಿ ನೆಲದ ತರಗೆಲೆಗೆ ಹಾಕುತ್ತಿದ್ದ ಸಣ್ಣ ‘ತರಗು ಬೆಂಕಿ’ ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿಮರಗಳಿಗೆ ‘ಉಪ್ಪಿಲು’ ಎಂಬ ಬಂದಳಿಕೆ ಹೆಚ್ಚಿತು ಎಂದು ಸೋಲಿಗರು ವಿವರಿಸುತ್ತಾರೆ. ಈ ವಿವರಣೆಯನ್ನು ಸಂಶೋಧಕರು ಸೋಲಿಗರೊಂದಿಗೆ ಸೇರಿ ವಿಜ್ಞಾನ ಪತ್ರಿಕೆಗಳಲ್ಲೂ ಪ್ರಕಟಿಸಿದ್ದಾರೆ. ಆದರೆ ಕಾಡಿಗೆ ಬೆಂಕಿ ಹಾಕುವುದು ಇಂದು ಅಪರಾಧ, ಬೇಟೆಯೂ ಅಪರಾಧ. ಅಜ್ಜ ಹುರುಪಿನಿಂದ ಹೇಳಿದ ಹಳೆಯ ಬೇಟೆಯ ಕಥೆಯನ್ನು ಹೆಸರು, ಊರು, ಚಿತ್ರಗಳ ಸಮೇತ ಅಚ್ಚು ಹಾಕಿದರೆ ಅದು ಅವರ ಮನೆಬಾಗಿಲಿಗೆ ವಿಚಾರಣೆಯಾಗಿ ಬರಬಹುದು. ಹಾಡಿಗೆ ಹೆಸರು ಬೇಕು ಎಂದೆ. ಇಂಥ ಕಥೆಗೆ ಹೆಸರು ಬೇಡ. ಎಲ್ಲಿ ಯಾವುದು ಸರಿಯೆಂಬುದನ್ನು ಹೇಳಿದವರನ್ನೇ ಕೇಳಿ ತೀರ್ಮಾನಿಸಿ.

ಗಿಡಮೂಲಿಕೆಯ ವಿವರಗಳಿಗೂ ಹೀಗೆಯೇ. ಕೇರಳದ ಅಗಸ್ತ್ಯಮಲೆಯ ಕಾಣಿ ಜನರು 1987ರಲ್ಲಿ ವಿಜ್ಞಾನಿಗಳಿಗೆ ತೋರಿಸಿದ ಆರೋಗ್ಯಪಚ್ಚೆ ಗಿಡದಿಂದ ‘ಜೀವನಿ’ ಎಂಬ ಔಷಧಿ ತಯಾರಾಯಿತು, ಅದರ ಪರವಾನಗಿ ಹಣದಲ್ಲಿ ಅವರಿಗೂ ಪಾಲು ನಿಗದಿಯಾಯಿತು. ಇಂಥ ತಿಳಿವಳಿಕೆಯ ಮೇಲೆ ಸಮುದಾಯಕ್ಕೆ ಹಕ್ಕಿದೆಯೆಂದು 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಕಲಮು ಹೇಳುತ್ತದೆ. ಯಾವ ಬೇರು, ಯಾವ ಕಾಯಿಲೆಗೆ, ಎಷ್ಟು ಪ್ರಮಾಣ ಎಂಬುದನ್ನು ಲೇಖನದಲ್ಲಿ ಬಿಚ್ಚಿಡುವ ಅಧಿಕಾರ ಬರೆಯುವವರಿಗಿಲ್ಲ.

ಮರಳಿಸುವುದು

ಕರಡು ಸಿದ್ಧವಾದ ಮೇಲೆ ಪೋಡಿಗೆ ಮರಳಿ, ಸಂಬಂಧಪಟ್ಟವರ ಮುಂದೆ ಗಟ್ಟಿಯಾಗಿ ಓದಿ ಹೇಳಿ. ಬೇಡವೆಂದದ್ದನ್ನು ತೆಗೆಯಿರಿ, ತಪ್ಪೆಂದದ್ದನ್ನು ತಿದ್ದಿ. ಚಿತ್ರಗಳನ್ನು ಅಚ್ಚು ಹಾಕಿಸಿ ಪ್ರತಿ ಮನೆಗೂ ಕೊಡಿ; ತೀರಿಹೋದವರ ಒಂದೇ ಒಂದು ಚಿತ್ರವೂ ಇಲ್ಲದ ಮನೆಗಳಿವೆ, ಅಲ್ಲಿ ನಿಮ್ಮ ಒಂದು ಪ್ರತಿಗೆ ಇರುವ ಬೆಲೆ ಯಾವ ಪ್ರದರ್ಶನದಲ್ಲೂ ಇಲ್ಲ. ಹಾಡುಗಳನ್ನು ಮೊಬೈಲಿನಲ್ಲಿ ಕೇಳುವಂತೆ ಮೆಮೊರಿ ಕಾರ್ಡಿಗೆ ಹಾಕಿ ಕೊಡಿ. ಊರಿನ ಓದಿದ ಯುವಕ, ಯುವತಿಯರಿಗೆ ಧ್ವನಿಮುದ್ರಣ, ಲಿಪ್ಯಂತರದ ಕೆಲಸ ಕಲಿಸಿ, ಅವರ ಹೆಸರನ್ನು ಸಹಲೇಖಕರಾಗಿ ಹಾಕಿ.

ಮೂಲ ಕಡತಗಳ ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನಲ್ಲಿರಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯದಂಥ ಸಂಸ್ಥೆಗಳಲ್ಲಿ ಒಂದು ಪ್ರತಿ ಇಡುವುದಾದರೆ, ಯಾವುದನ್ನು ಎಲ್ಲರೂ ಕೇಳಬಹುದು, ಯಾವುದಕ್ಕೆ ಪೋಡಿನವರ ಒಪ್ಪಿಗೆ ಬೇಕು ಎಂಬ ಪಟ್ಟಿಯನ್ನು ಅವರೊಂದಿಗೇ ಕುಳಿತು ಬರೆದು ಕಡತದ ಜೊತೆಯಲ್ಲೇ ಕೊಡಿ.