ಗುಣ ನೋಡಿಯೋ, ಜಡ್ಜ್ ನೋಡಿಯೋ? ಅಮೆರಿಕದ ಮತ ಲೆಕ್ಕ ಹಾಕುವ ಬಗೆ

2016ರ ನವೆಂಬರ್ 8ರ ಸಂಜೆ ನಾನು ಪೆನ್ಸಿಲ್ವೇನಿಯಾದಲ್ಲಿ ಮಗನ ಮನೆಯಲ್ಲಿದ್ದೆ. ಸೊಸೆಯ ಜೊತೆ ಪಂದ್ಯ ಕಟ್ಟಿದ್ದೆ: ಟ್ರಂಪ್ ಗೆದ್ದರೆ ಒಂದು ವಾರ ಪಾತ್ರೆ ತೊಳೆಯುವುದು ನಾನು. ಟಿವಿಯಲ್ಲಿ ಮತಗಟ್ಟೆ ಸಮೀಕ್ಷೆಯ ಮೊದಲ ಅಂಕಿಗಳು ಬಂದವು. ಅಧ್ಯಕ್ಷರಾಗಲು ಬೇಕಾದ ಸ್ವಭಾವ ಟ್ರಂಪ್ ಅವರಿಗೆ ಇಲ್ಲ ಎಂದವರು ನೂರಕ್ಕೆ ಅರವತ್ತಕ್ಕೂ ಜಾಸ್ತಿ. ಆ ಅಂಕಿ ಕೊನೆಗೆ 63ಕ್ಕೆ ನಿಂತಿತು. "ಮುಗೀತು ಕಣಮ್ಮ" ಅಂದು ನಾನು ಎದ್ದು ಶಾವಿಗೆ ಪಾಯಸಕ್ಕೆ ಹಾಲು ಕಾಯಿಸಲು ಹೋದೆ.

ಮರುದಿನ ಸಿಂಕ್ ಮುಂದೆ ನಿಂತಿದ್ದೆ. ಪಾಯಸದ ಪಾತ್ರೆ ತಳ ಹಿಡಿದಿತ್ತು.

ನಾನು ತಿಪಟೂರಿನವನು, ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ಒಂದೇ ಕಾಲಂ ನೋಡಿ ಬ್ಯಾಲೆನ್ಸ್ ಹೇಳಬಾರದು ಅಂತ ಹೊಸ ಹುಡುಗರಿಗೆ ಪಾಠ ಹೇಳುತ್ತಿದ್ದವನೇ ಆ ರಾತ್ರಿ ಅದೇ ತಪ್ಪು ಮಾಡಿದ್ದೆ. ಆಮೇಲೆ ಪ್ರತಿ ಚುನಾವಣೆಗೂ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಊರಿನಿಂದ ಫೋನ್ ಮಾಡಿ "ಅಲ್ಲಿನ ಜನ ಯಾಕೆ ಹೀಗೆ ಓಟ್ ಹಾಕಿದರು" ಎಂದು ಕೇಳುವವರಿಗೆ ನಾನು ಲೆಕ್ಕ ಹಾಕುವ ಬಗೆ ಇದು.

ಮೊದಲು ಕುರ್ಚಿ ಎಂಥದ್ದು ಎಂದು ತಿಳಿದುಕೊಳ್ಳಿ. ನಮ್ಮಲ್ಲಿ ಸುಪ್ರೀಂ ಕೋರ್ಟ್ ಜಡ್ಜ್ 65ಕ್ಕೆ ನಿವೃತ್ತರಾಗುತ್ತಾರೆ. ಹೆಸರು ಸೂಚಿಸುವುದು ಹಿರಿಯ ಜಡ್ಜ್‌ಗಳ ಕೊಲಿಜಿಯಂ. ಓಟು ಕೇಳಲು ಬಂದವರ ಹತ್ತಿರ ಯಾರೂ ಜಡ್ಜ್ ಹೆಸರು ಕೇಳುವುದಿಲ್ಲ. ಅಮೆರಿಕದಲ್ಲಿ ಒಂಬತ್ತೇ ಕುರ್ಚಿ, ನಿವೃತ್ತಿ ವಯಸ್ಸೇ ಇಲ್ಲ. ಅಧ್ಯಕ್ಷ ಹೆಸರು ಕೊಡುತ್ತಾನೆ, ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು. ಕುರ್ಚಿ ಖಾಲಿಯಾಗುವುದು ಅದೃಷ್ಟದ ಮಾತು. ಜಿಮ್ಮಿ ಕಾರ್ಟರ್ ಅವರಿಗೆ ನಾಲ್ಕು ವರ್ಷದಲ್ಲಿ ಒಂದೂ ಸಿಗಲಿಲ್ಲ, ಟ್ರಂಪ್ ಅವರಿಗೆ ಮೊದಲ ಅವಧಿಯಲ್ಲೇ ಮೂರು ಸಿಕ್ಕವು.

2016ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಜಡ್ಜ್ ಆಂಟೊನಿನ್ ಸ್ಕಾಲಿಯಾ ತೀರಿಕೊಂಡರು. ಸುಮಾರು 30 ವರ್ಷ ಕೂತಿದ್ದ ಕುರ್ಚಿ ಅದು. ಒಬಾಮಾ ಮಾರ್ಚ್‌ನಲ್ಲಿ ಮೆರಿಕ್ ಗಾರ್ಲಂಡ್ ಹೆಸರು ಕೊಟ್ಟರು. ಸೆನೆಟ್‌ನಲ್ಲಿ ಬಹುಮತವಿದ್ದ ರಿಪಬ್ಲಿಕನ್ನರು, ಅಂದರೆ ಟ್ರಂಪ್ ಪಕ್ಷದವರು, ವಿಚಾರಣೆಯನ್ನೇ ನಡೆಸಲಿಲ್ಲ. ಜನ ಹೊಸ ಅಧ್ಯಕ್ಷನನ್ನು ಆರಿಸಲಿ, ಆಮೇಲೆ ನೋಡೋಣ ಎಂದರು. ಅಂದರೆ ಒಂದು ಖಾಲಿ ಕುರ್ಚಿಯನ್ನೇ ಚುನಾವಣೆಯ ಕಣದ ಮಧ್ಯೆ ತಂದಿಟ್ಟ ಹಾಗೆ. ಟ್ರಂಪ್ ಮೇ ತಿಂಗಳಲ್ಲಿ 11 ಹೆಸರುಗಳ ಪಟ್ಟಿ ಬಿಟ್ಟರು, ಸೆಪ್ಟೆಂಬರ್‌ನಲ್ಲಿ ಇನ್ನೂ 10 ಸೇರಿಸಿದರು. ಇವರಲ್ಲೇ ಆರಿಸುತ್ತೇನೆ ಎಂದರು. ಅವರ ಮಾತನ್ನು ನಂಬದವರಿಗೆ ಅದು ಪ್ರಾಮಿಸರಿ ನೋಟ್ ಇದ್ದ ಹಾಗೆ. ಬ್ಯಾಂಕಿನವನಾದ ನನಗೇ ಅದು ಹೊಳೆಯಲಿಲ್ಲ ನೋಡಿ.

ಹೊಳೆಯಬೇಕಿತ್ತು. ಬೆಳಿಗ್ಗೆ ವಾಕಿಂಗ್‌ಗೆ ಜೊತೆಗೆ ಬರುತ್ತಿದ್ದ ಪಕ್ಕದ ಮನೆಯವರು ಬಾಯಿಬಿಟ್ಟು ಹೇಳಿದ್ದರು. ನಿವೃತ್ತ ಪ್ಲಂಬರ್, ಭಾನುವಾರ ಚರ್ಚ್ ತಪ್ಪಿಸದವರು. "ಅವನ ಬಾಯಿಗೆ ಬೀಗ ಇಲ್ಲ, ಗೊತ್ತು. ನನ್ನ ಮನೆ ಬೀಗದ ಕೈ ಅವನಿಗೆ ಕೊಡಲ್ಲ. ಆದರೆ ಅವನು ನಾಲ್ಕು ವರ್ಷ, ಜಡ್ಜ್ ಮೂವತ್ತು ವರ್ಷ." ನಾನು ಮೊದಲೆರಡು ವಾಕ್ಯ ಮಾತ್ರ ಕೇಳಿಸಿಕೊಂಡು ಮನೆಗೆ ಬಂದಿದ್ದೆ.

ಎರಡನೆಯದು, ಪ್ರಶ್ನೆ ಹೇಗೆ ಕೇಳಿದ್ದಾರೆ ನೋಡಿ. ನಮ್ಮಲ್ಲಿ ಎಕ್ಸಿಟ್ ಪೋಲ್ ಅಂದರೆ ಯಾರಿಗೆ ಎಷ್ಟು ಸೀಟು ಅನ್ನುವ ಭವಿಷ್ಯ. ಅಲ್ಲಿ ಓಟು ಹಾಕಿ ಹೊರಬಂದವರ ಕೈಗೆ ಒಂದು ಪ್ರಶ್ನೆಪತ್ರಿಕೆಯನ್ನೇ ಕೊಡುತ್ತಾರೆ. ಯಾರಿಗೆ ಹಾಕಿದಿರಿ, ಯಾಕೆ, ಅಭ್ಯರ್ಥಿಯ ಬಗ್ಗೆ ಏನನ್ನಿಸುತ್ತದೆ, ಎಲ್ಲವೂ ಅದರಲ್ಲಿರುತ್ತದೆ. ಚುನಾವಣೆಗೆ ಮುಂಚೆ ಪ್ಯೂ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಕೋರ್ಟ್ ನೇಮಕ 'ಬಹಳ ಮುಖ್ಯ' ಎಂದವರು ಶೇಕಡಾ 65. ಅದನ್ನು ನಂಬಿ ಕೂರಬೇಡಿ. ಆರ್ಥಿಕತೆಗೆ ಶೇಕಡಾ 84 ಜನ ಹಾಗೆಂದಿದ್ದರು, ಇನ್ನೂ ಹಲವು ವಿಷಯಗಳಿಗೆ 65ಕ್ಕಿಂತ ಜಾಸ್ತಿ ಇತ್ತು. ಮುಖ್ಯವೇ ಎಂದು ಕೇಳಿದರೆ ಇಲ್ಲ ಅನ್ನುವವರು ಯಾರು? ಮತಗಟ್ಟೆ ಸಮೀಕ್ಷೆಯಲ್ಲಿ ಕೇಳಿದ್ದು ಬಿಗಿಯಾದ ಪ್ರಶ್ನೆ: ನಿಮ್ಮ ಓಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಕಾರಣವೇ? ಹೌದು ಎಂದವರು ಶೇಕಡಾ 21. ನೋಟ್‌ಬುಕ್‌ಗೆ ಹೋಗಬೇಕಾದ್ದು ಈ ಅಂಕಿ.

ಮೂರನೆಯದೇ ನಿಜವಾದ ಕೆಲಸ. ನೂರು ಮತದಾರರನ್ನು ಊಟದ ಪಂಕ್ತಿಯಲ್ಲಿ ಕೂರಿಸಿ. "ಟ್ರಂಪ್ ಸ್ವಭಾವ ಸರಿಯಿಲ್ಲ" ಎಂದ 63 ಜನ ಒಂದು ಸಾಲು. ಈಗ ಬಡಿಸುತ್ತಾ ಹೋಗಿ, ಎಲೆಯಲ್ಲಿ ಏನಿದೆ ನೋಡಿ. ಆ 63ರಲ್ಲಿ ಸುಮಾರು ಐದಕ್ಕೊಬ್ಬರು ಟ್ರಂಪ್ ಅವರಿಗೇ ಓಟು ಹಾಕಿದ್ದಾರೆ. ಅಂದರೆ ಹನ್ನೆರಡು, ಹದಿಮೂರು ಜನ. ಒಟ್ಟು ನೂರರಲ್ಲಿ ಅವರಿಗೆ ಬಂದ ಓಟು 46. ಹಾಗಾದರೆ ಟ್ರಂಪ್‌ಗೆ ಓಟು ಹಾಕಿದವರಲ್ಲಿ ನಾಲ್ಕಕ್ಕೊಬ್ಬರಾದರೂ "ಈ ಮನುಷ್ಯನ ಸ್ವಭಾವ ಸರಿಯಿಲ್ಲ" ಎಂದು ತಿಳಿದೇ ಹಾಕಿದವರು! ಸೊಸೆ ಪೆನ್ ಹಿಡಿದು ಇದನ್ನು ಬರೆದು ತೋರಿಸಿದಾಗ ನನ್ನ ಕೈ ಸೋಪಿನಲ್ಲಿತ್ತು. "ಮಾವ, ಸ್ವಭಾವದ ಬಗ್ಗೆ ಜನ ಅಭಿಪ್ರಾಯ ಕೊಟ್ಟರು. ನೀವು ಅದನ್ನ ಓಟು ಅಂದ್ಕೊಂಡ್ರಿ" ಎಂದಳು.

ಇನ್ನು ಕೋರ್ಟ್ ಸಾಲು. 21 ಜನರಲ್ಲಿ ಟ್ರಂಪ್ ಅವರಿಗೆ ಶೇಕಡಾ 56, ಎದುರಾಳಿ ಹಿಲರಿ ಕ್ಲಿಂಟನ್ ಅವರಿಗೆ 41. ನೂರರ ಪಂಕ್ತಿಯಲ್ಲಿ ಇದು ಮೂರು ಎಲೆಗಳ ವ್ಯತ್ಯಾಸ. ಸಣ್ಣದು ಅನ್ನಿಸುತ್ತದೆ. ಆದರೆ ಅಲ್ಲಿ ಅಧ್ಯಕ್ಷ ಯಾರು ಎಂದು ತೀರ್ಮಾನವಾಗುವುದು ದೇಶದ ಒಟ್ಟು ಓಟಿನಿಂದಲ್ಲ, ರಾಜ್ಯವಾರು ಲೆಕ್ಕದಿಂದ. ಆ ಸಲ ದೇಶದಲ್ಲಿ ಹಿಲರಿ ಅವರಿಗೆ 28 ಲಕ್ಷಕ್ಕೂ ಜಾಸ್ತಿ ಓಟು ಹೆಚ್ಚಿಗೆ ಬಂದಿದ್ದರೂ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ, ಟ್ರಂಪ್ ಅವರನ್ನು ಗೆಲ್ಲಿಸಿದ ಈ ಮೂರೂ ರಾಜ್ಯಗಳ ಅಂತರ ಸೇರಿಸಿದರೆ 80 ಸಾವಿರಕ್ಕಿಂತ ಕಡಿಮೆ. ಇಷ್ಟು ತೆಳುವಾದ ಕಡೆ ಮೂರು ಎಲೆ ಅಂದರೆ ತಮಾಷೆಯಲ್ಲ.

ಇಲ್ಲಿ ಸ್ವಲ್ಪ ಬ್ರೇಕ್ ಹಾಕಿ. "ಕೋರ್ಟೇ ಗೆಲ್ಲಿಸಿತು" ಎಂದು ಬರೆದುಬಿಡಬೇಡಿ. ಆ ಮೂರು ಜನ ಹೇಗೂ ರಿಪಬ್ಲಿಕನ್ನರಿಗೇ ಹಾಕುವವರಿರಬಹುದು. ಕೇಳಬೇಕಾದ ಪ್ರಶ್ನೆ ಬೇರೆ: ಈ ಪಟ್ಟಿ ಇಲ್ಲದಿದ್ದರೆ ಅವರು ಮನೆಯಲ್ಲೇ ಕೂತಿರುತ್ತಿದ್ದರೇ? ನನ್ನ ಪ್ಲಂಬರ್ ಸ್ನೇಹಿತರು ಕೂತಿರುತ್ತಿದ್ದರು, ಅವರೇ ಹೇಳಿದ್ದು. ಒಬ್ಬರ ಮಾತಿನಿಂದ ದೇಶದ ಲೆಕ್ಕ ಆಗುವುದಿಲ್ಲ, ನಿಜ. ಆದರೂ ಅಂಕಿ ಎಲ್ಲಿ ನೋಡಬೇಕು ಎಂದು ಒಬ್ಬರ ಮಾತು ತೋರಿಸುತ್ತದೆ. ಇನ್ನೊಂದು, ಬದಲಾವಣೆ ತರುವವರು ಬೇಕು ಎಂದ ಶೇಕಡಾ 39 ಜನರಲ್ಲಿ ಹತ್ತಕ್ಕೆ ಎಂಟು ಮಂದಿ ಟ್ರಂಪ್ ಕಡೆ ಹೋದರು. ಸಾಕು ಸಾಕಾಗಿರುವವನಿಗೆ ಒರಟು ಸ್ವಭಾವವೇ ಒಂದು ಯೋಗ್ಯತೆಯಾಗಿ ಕಾಣುತ್ತದೆ.

ಹಾಗಾದರೆ ಸ್ವಭಾವಕ್ಕೆ ಬೆಲೆಯೇ ಇಲ್ಲವೇ? ಇದೆ. ಅದಕ್ಕೆ ಒಂದು ಗಟ್ಟಿ ಭಯ ಅಂಟಿಕೊಂಡಿರಬೇಕು. 1964ರ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ವಿರುದ್ಧ ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಕಡೆಯವರು ಒಂದು ಜಾಹೀರಾತು ಮಾಡಿದರು. ಪುಟ್ಟ ಹುಡುಗಿ ಹೂವಿನ ಎಸಳು ಎಣಿಸುತ್ತಾಳೆ, ಆ ಎಣಿಕೆ ಅಣುಬಾಂಬಿನ ಎಣಿಕೆಯಾಗಿ ಬದಲಾಗುತ್ತದೆ. ದುಡ್ಡು ಕೊಟ್ಟು ಹಾಕಿಸಿದ್ದು ಒಂದೇ ಸಲ, ಗೋಲ್ಡ್‌ವಾಟರ್ ಹೆಸರೂ ಅದರಲ್ಲಿಲ್ಲ. ಅವರು ಗೆದ್ದಿದ್ದು ಆರೇ ರಾಜ್ಯ. ಕೆನಡಿ ಹತ್ಯೆಯಾಗಿ ಒಂದು ವರ್ಷವೂ ಆಗಿರಲಿಲ್ಲ, ಜಾನ್ಸನ್ ಮೊದಲೇ ಮುಂದಿದ್ದರು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಿಲರಿ ಕೂಡ 2016ರಲ್ಲಿ ಅದೇ ದಾರಿ ಹಿಡಿದರು: ಒಂದು ಟ್ವೀಟ್‌ಗೆ ಕೆರಳುವವನ ಕೈಗೆ ಅಣ್ವಸ್ತ್ರ ಕೊಡುವುದೇ ಎಂದರು. ಆದರೆ ಎದುರಿನ ತಟ್ಟೆಯಲ್ಲಿ ಖಾಲಿ ಕುರ್ಚಿ ಇತ್ತಲ್ವಾ.

ನಾಲ್ಕನೆಯದು ಕುರ್ಚಿ ಇನ್ನೂ ಖಾಲಿ ಇದೆಯೇ ಎಂದು ನೋಡುವುದು. 2020ರ ಸೆಪ್ಟೆಂಬರ್ 18ರಂದು ಜಡ್ಜ್ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು. ಏಮಿ ಕೋನಿ ಬ್ಯಾರೆಟ್ ಅವರ ನೇಮಕಕ್ಕೆ ಸೆನೆಟ್ ಅಕ್ಟೋಬರ್ 26ರಂದೇ ಒಪ್ಪಿತು, ಚುನಾವಣೆಗೆ ಎಂಟು ದಿನ ಮುಂಚೆ. ಆ ಚುನಾವಣೆಯಲ್ಲಿ ಟ್ರಂಪ್ ಸೋತರು. ಊಟ ಬಡಿಸಿಯಾದ ಮೇಲೆ ಪಂಕ್ತಿಗೆ ಯಾರು ಓಡಿ ಬರುತ್ತಾರೆ? ಇದು ನನ್ನ ಊಹೆ ಅಷ್ಟೇ. ಆದರೆ ಆ ಸಲ ಸ್ನೇಹಿತರು ವಾಕಿಂಗ್‌ನಲ್ಲಿ ಜಡ್ಜ್ ಸುದ್ದಿ ಎತ್ತಲಿಲ್ಲ, ಬರೀ ಕೋವಿಡ್ ಮಾತು.

2024ಕ್ಕೆ ಈ ಸೂತ್ರವೂ ಪೂರ್ತಿ ಹಿಡಿಯಲಿಲ್ಲ. 2022ರ ಜೂನ್‌ನಲ್ಲಿ ಕೋರ್ಟ್ 1973ರ ಗರ್ಭಪಾತದ ಹಕ್ಕಿನ ತೀರ್ಪನ್ನು ತೆಗೆದುಹಾಕಿತ್ತು. ಈ ಸಿಟ್ಟು ಟ್ರಂಪ್‌ಗೆ ತಟ್ಟುತ್ತದೆ ಎಂದು ನಾನು ಬರೆದುಕೊಂಡಿದ್ದೆ. ಆದರೆ ಅರಿಜೋನಾ, ಮಿಸೌರಿ, ಮೊಂಟಾನಾ, ನೆವಾಡಾ ರಾಜ್ಯಗಳ ಜನ ಒಂದೇ ದಿನ ಗರ್ಭಪಾತದ ಹಕ್ಕಿಗೂ ಹೌದು ಎಂದರು, ಟ್ರಂಪ್ ಅವರನ್ನೂ ಗೆಲ್ಲಿಸಿದರು. ಕೋರ್ಟಿನ ಸಿಟ್ಟು ತೀರಿಸಿಕೊಳ್ಳಲು ಅವರಿಗೆ ಬೇರೊಂದು ಪ್ರಶ್ನೆ ಸಿಕ್ಕಿತ್ತು. ಹಾಗಾಗಿ ಈಗ ನೋಟ್‌ಬುಕ್‌ನಲ್ಲಿ ಒಂದು ಕಾಲಂ ಜಾಸ್ತಿ: ಅದೇ ದಿನ ಆ ರಾಜ್ಯದಲ್ಲಿ ಬೇರೆ ಯಾವ ವಿಷಯಕ್ಕೆ ಓಟು ಇದೆ?

ಕೊನೆಯ ಪುಟದಲ್ಲಿ ಒಂಬತ್ತು ಹೆಸರು, ಹುಟ್ಟಿದ ವರ್ಷ. 2024ರಲ್ಲಿ ಬರೆದದ್ದು. ಥಾಮಸ್ 1948, ಅಲಿಟೊ 1950, ಸೊಟೊಮೇಯರ್ 1954, ರಾಬರ್ಟ್ಸ್ 1955, ಕೇಗನ್ 1960, ಕ್ಯಾವನಾ 1965, ಗೋರ್ಸಚ್ 1967, ಜ್ಯಾಕ್ಸನ್ 1970, ಬ್ಯಾರೆಟ್ 1972. ಮೊದಲೆರಡು ಹೆಸರಿನ ಕೆಳಗೆ ಕೆಂಪು ಇಂಕಿನ ಗೆರೆ ಇದೆ. ಥಾಮಸ್ ನನಗಿಂತ ಒಂದೇ ವರ್ಷ ದೊಡ್ಡವರು. ಅದನ್ನು ನೋಡಿ ಸೊಸೆ, "ಮಾವ, ಇವರ ಬಿ.ಪಿ. ಲೆಕ್ಕ ಬಿಟ್ಟು ನಿಮ್ಮ ಮಾತ್ರೆ ತಗೊಳ್ಳಿ" ಎಂದಳು.