ಫೈಲು ಪಕ್ಕಕ್ಕಿಟ್ಟ ಮೇಲೆ ಸಿಕ್ಕ ನೋವು

ಮೂರು ಅಲ್ಟ್ರಾಸೌಂಡ್, ಒಂದು ಎಂಆರ್‌ಐ, ಒಂದು ಲ್ಯಾಪರೋಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವುದು). ಎಲ್ಲ ನಾರ್ಮಲ್. ಹೊಟ್ಟೆ ತೆರೆದಿದ್ದೇವಲ್ಲ ಅಂತ ಅಪೆಂಡಿಕ್ಸನ್ನೂ ತೆಗೆದಿದ್ದರು. ಆಕೆಯ ಬಲ ಕಿಬ್ಬೊಟ್ಟೆಯ ನೋವು ಮಾತ್ರ ಕದಲಿರಲಿಲ್ಲ. ಕೊನೆಯ ಚೀಟಿಯಲ್ಲಿ ‘ಟೆನ್ಷನ್’ ಅಂತ ಬರೆದು ಕಳಿಸಿದ್ದರು.

ನಾನು ಫೈಲು ಪಕ್ಕಕ್ಕಿಟ್ಟೆ. ನೋವು ಎಲ್ಲಿದೆ, ಒಂದೇ ಬೆರಳಲ್ಲಿ ತೋರಿಸಿ ಅಂದೆ. ಸಿಸೇರಿಯನ್ ಗಾಯದ ಬಲ ತುದಿಗೆ ಸೀದಾ ಬೆರಳಿಟ್ಟರು. ಅಲ್ಲೇ ಒತ್ತಿ ಹಿಡಿದು, ತಲೆ ಎತ್ತಿಸಿದೆ. ಹೊಟ್ಟೆ ಬಿಗಿಯಾಯಿತು, ನೋವು ಜಾಸ್ತಿಯಾಯಿತು. ಒಳಗಿನ ನೋವಾಗಿದ್ದರೆ ಕಡಿಮೆಯಾಗಬೇಕಿತ್ತು, ಅಲ್ವಾ? ಅಂದರೆ ಇದು ಹೊಟ್ಟೆಯ ಗೋಡೆಯ ನೋವು, ಗಾಯದ ಹತ್ತಿರ ಸಿಕ್ಕಿಕೊಂಡ ನರದ್ದಿರಬೇಕು. ಕಾರ್ನೆಟ್ ಅನ್ನುವ ಸರ್ಜನ್ 1926ರಲ್ಲೇ ಹೇಳಿದ ಪರೀಕ್ಷೆ. ಎಲ್ಲರೂ ಓದಿರುತ್ತೇವೆ, ಮಾಡುವುದಿಲ್ಲ.

ಆ ಜಾಗಕ್ಕೆ ಲಿಗ್ನೊಕೇನ್, ಅಂದರೆ ಮರಗಟ್ಟಿಸುವ ಔಷಧಿಯ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಕಾದೆ. ಆಕೆ ಎದ್ದು, ಬಗ್ಗಿ, ಚಪ್ಪಲಿಯ ಪಟ್ಟಿ ಹಾಕಿಕೊಂಡರು. ಆಮೇಲೆ ತಾವೇ ಬೆಚ್ಚಿ ನನ್ನ ಮುಖ ನೋಡಿದರು. ಖರ್ಚು? ಒಂದು ಸ್ಕ್ಯಾನಿನ ದುಡ್ಡಿನ ಮೂಲೆಗೂ ಸಾಲದು. ಸೂಜಿ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದು ಪಕ್ಕದಲ್ಲಿ ನಿಂತು ನೋಡಿದರೇ ಬರುವುದು.

ಸೂಜಿ ಚುಚ್ಚಿದರೆ ಯಾರಿಗಾದರೂ ಕಡಿಮೆ ಅನಿಸುತ್ತೆ ಅಂತ ಸಹೋದ್ಯೋಗಿಯೊಬ್ಬರು ನಕ್ಕರು. ಸರಿ, ನೋಡೇ ಬಿಡೋಣ ಅಂತ ಮುಂದಿನ ಹತ್ತು ಹನ್ನೆರಡು ಜನರಿಗೆ, ಒಪ್ಪಿಗೆ ಕೇಳಿಯೇ, ಒಂದು ಸಲ ಲಿಗ್ನೊಕೇನ್, ಇನ್ನೊಂದು ಸಲ ಅದೇ ಜಾತಿಯ, ಹೆಚ್ಚು ಹೊತ್ತು ನಿಲ್ಲುವ ಬುಪಿವಕೇನ್ ಕೊಟ್ಟೆ. ಯಾವುದು ಯಾವಾಗ ಅಂತ ಹೇಳಲಿಲ್ಲ. ನೋವು ಎಷ್ಟು ಗಂಟೆ ಇರಲಿಲ್ಲ ಅಂತ ಬರೆದಿಡಿ ಅಂದೆ. ಹೆಚ್ಚಿನವರಲ್ಲಿ ಬುಪಿವಕೇನ್ ದಿನ ಎರಡು ಮೂರು ಪಟ್ಟು ಹೊತ್ತು ಆರಾಮ. ಮನಸ್ಸಿನ ನೋವಿಗೆ ಔಷಧಿಯ ಗಡಿಯಾರ ಗೊತ್ತಿರಲ್ಲ.

ಗೆದ್ದ ಜೋರಿನಲ್ಲಿ ಎಲ್ಲ ಕಡೆ ನರವೇ ಕಾಣಿಸತೊಡಗಿತು. ಅಲ್ಲೇ ಎಡವಿದೆ. ತೆಳ್ಳಗಿನ ಅಜ್ಜಿಯೊಬ್ಬರಿಗೆ ತೊಡೆಸಂದಿಯಲ್ಲಿ ನೋವು. ಎರಡು ಸಲ ಇಂಜೆಕ್ಷನ್ ಕೊಟ್ಟೆ. ಮೂರನೇ ಸಲ ವಾಂತಿ ಮಾಡಿಕೊಳ್ಳುತ್ತಾ ಬಂದರು. ಫೆಮೊರಲ್ ಹರ್ನಿಯಾ: ತೊಡೆಸಂದಿಯ ಕಿಂಡಿಯಲ್ಲಿ ತೂರಿದ ಕರುಳು ಸಿಕ್ಕಿಹಾಕಿಕೊಂಡಿತ್ತು. ಆವತ್ತೇ ಆಪರೇಷನ್, ಬದುಕಿದರು. ಎರಡೂ ಸಲ ನಾನು ಅವರನ್ನು ಮಲಗಿಸಿಯೇ ನೋಡಿದ್ದೆ. ಈಗ ನನ್ನಲ್ಲಿಗೆ ಬಂದವರು ನಿಲ್ಲಬೇಕು, ಕೆಮ್ಮಬೇಕು. ಸ್ಕ್ಯಾನ್ ಮಾಡುವವರಿಗೂ ನಿಲ್ಲಿಸಿಯೇ ನೋಡಿ ಅಂತ ಚೀಟಿ ಬರೆಯುತ್ತೇನೆ. ಗೊಣಗುತ್ತಾರೆ. ಗೊಣಗಲಿ. ನೋವು ಒಳತೊಡೆಗೆ ಇಳಿದು, ಕಾಲು ಮಡಚಿದರೆ ಕಡಿಮೆಯಾಗುತ್ತಿದ್ದರೆ ಆಬ್ಟುರೇಟರ್ ಹರ್ನಿಯಾ (ಸೊಂಟದ ಮೂಳೆಯ ಕಿಂಡಿಯಲ್ಲಿ ಕರುಳು ತೂರುವುದು) ನೆನಪಾಗಲಿ. ಅದು ಕೆಮ್ಮಿಸಿದರೂ ಕೈಗೆ ಸಿಗಲ್ಲ, ಸಿಟಿ ಸ್ಕ್ಯಾನ್ ಬೇಕು.

ಇನ್ನೊಬ್ಬರಿಗೆ ಬಲ ತೊಡೆಸಂದಿಯಲ್ಲಿ ಗಂಟು. ಗ್ರಂಥಿ ಊತ ಅಂತ ಎರಡು ಕೋರ್ಸ್ ಆಂಟಿಬಯೋಟಿಕ್ ಮುಗಿದಿತ್ತು. ನಕ್ ಕಾಲುವೆಯ (ಹೆಂಗಸರ ತೊಡೆಸಂದಿಯಲ್ಲಿ ಕೆಲವೊಮ್ಮೆ ಮುಚ್ಚದೆ ಉಳಿಯುವ ಸಣ್ಣ ಚೀಲ) ನೀರುಗುಳ್ಳೆ ಇರಬೇಕು ಅಂದುಕೊಂಡೆ. ಆದರೂ ಪೆನ್ನಿನಲ್ಲಿ ಗಂಟಿನ ಸುತ್ತ ಗೆರೆ ಎಳೆದು, ಗೆರೆ ಮಾಸದಂತೆ ನೋಡಿಕೊಳ್ಳಿ, ಮುಟ್ಟಿನ ಎರಡನೇ ದಿನ ಬನ್ನಿ ಅಂದೆ. ಬಂದರು. ಗಂಟು ಗೆರೆ ದಾಟಿ ಒಂದು ಬೆರಳು ಹೊರಗಿತ್ತು. ತೆಗೆದು ಬಯಾಪ್ಸಿಗೆ ಕಳಿಸಿದೆವು. ಗರ್ಭಕೋಶದಿಂದ ತೊಡೆಸಂದಿಗೆ ಬರುವ ಪಟ್ಟಿ, ಅಂದರೆ ರೌಂಡ್ ಲಿಗಮೆಂಟಿಗೆ ಅಂಟಿಕೊಂಡ ಎಂಡೊಮೆಟ್ರಿಯೋಸಿಸ್: ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆದು, ಮುಟ್ಟಿನ ಹೊತ್ತಿಗೆ ಊದಿಕೊಳ್ಳುವುದು.