ಜಡ್ಡಿಯ ಸಸಿ ಬೆಳೆಸಬೇಕಾದರೆ ಮೊದಲು ಹಳ್ಳದ ನೀರು ಉಳಿಸಿ

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಕಡೆ, ಘಟ್ಟದ ಹಳ್ಳಗಳ ಗುಂಟ ರಾಮಪತ್ರೆ ಜಡ್ಡಿಗಳಿವೆ, ಅಂದರೆ ರಾಮಪತ್ರೆ ಜಾತಿಯ ಮರಗಳು ಬೆಳೆಯುವ ಜೌಗು ಕಾಡುಗಳು. ಬೇಸಿಗೆಯಲ್ಲೂ ಅಲ್ಲಿ ಕಾಲು ಹೂತುಹೋಗುತ್ತದೆ. ಕೆಸರಿನಲ್ಲಿ ಉಸಿರಾಟಕ್ಕೆ ಗಾಳಿ ಸಿಗದ ಬೇರುಗಳು ಮಂಡಿ ಮಡಚಿದ ಹಾಗೆ ಮೇಲೆದ್ದು ಮತ್ತೆ ಮಣ್ಣಿಗಿಳಿಯುತ್ತವೆ. ಈ ಮರಗಳ ಸಸಿ ಮಾಡಿ ನಮ್ಮ ಸೊಪ್ಪಿನಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು, ತರಗೆಲೆ ತರುವ ಕಾಡಿನ) ಹಳ್ಳದ ಬದಿಗೆ ನೆಡುತ್ತಾ ಬಂದಿದ್ದೇನೆ.

ಜಡ್ಡಿ ಮರದ ಬೀಜವನ್ನು ಒಣಗಿಸಿ ಕಟ್ಟಿಡಲು ಬರುವುದಿಲ್ಲ. ಒಣಗಿತೋ, ಮುಗೀತು. ಹಣ್ಣು ಒಡೆದು ಬೀಳುತ್ತಿದ್ದ ಹಾಗೇ ಆರಿಸುತ್ತೇನೆ. ಬೀಜಕ್ಕೆ ಸುತ್ತಿಕೊಂಡ ಕೆಂಪು ಪತ್ರೆ ಬಿಡಿಸಿ, ತೊಳೆದು, ಒದ್ದೆ ಮರಳಲ್ಲಿ ಅಡ್ಡ ಮಲಗಿಸಿ, ಮೇಲೆ ದರಕು (ಒಣ ಎಲೆ) ಮುಚ್ಚುತ್ತೇನೆ. ಮೊಳಕೆ ಬಂದ ಮೇಲೆ ಉದ್ದನೆ ಚೀಲಕ್ಕೆ ಹಾಕಬೇಕು, ತಾಯಿಬೇರು ಮಡಚಬಾರದು. ಮರದಡಿಯ ಬೀಜವನ್ನೆಲ್ಲ ಬಾಚಿ ತರಬೇಡಿ. ಮಂಗಟ್ಟೆ, ಸಿಂಗಳೀಕಗಳ ಊಟ ಅದು.

2000ದಲ್ಲಿ ಇಲ್ಲಿಂದಲೇ ಹೊಸ ಜಾತಿಯೆಂದು ಗುರುತಾದ ಗೇರಿನ ಬಳಗದ ಮರವೊಂದಿದೆ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಎಳೆ ಸಸಿ ನೋಡಿದರೆ ಯಾವುದು ಅಂತ ಗೊತ್ತಾಗದು. ಹಾಗಾಗಿ ಒಂಟಿಯಾಗಿ ನೆಡುವುದಿಲ್ಲ, ಗುಂಪಾಗಿ ಹತ್ತಿರ ಹತ್ತಿರ ನೆಡುತ್ತೇನೆ.

ಆದರೆ ನೆಡುವುದು ಸಣ್ಣ ಕೆಲಸ. ಹಳ್ಳದಲ್ಲಿ ನೀರು ಉಳಿಸುವುದೇ ದೊಡ್ಡದು. 2011ರಲ್ಲಿ ಈ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಆಯಿತು, ಒಳ್ಳೆಯದೇ. ಆದರೆ ಮರ ಉಳಿದು ನೀರು ಹೋದರೆ ಜಡ್ಡಿ ಉಳಿಯುತ್ತದಾ? ಇಲ್ಲಿನ ಕುಂಬಾರ ಕಪ್ಪೆಯನ್ನೇ ನೋಡಿ. 2014ರಲ್ಲಿ ಅದಕ್ಕೆ ಈ ಹೆಸರು ಬಂತು. ಮಳೆಗಾಲದ ರಾತ್ರಿ ಗಂಡು ಕಪ್ಪೆ ಹಳ್ಳದ ಕೆಸರನ್ನು ಮುಂಗೈಯಲ್ಲಿ ತೆಗೆದು, ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಮೆತ್ತುತ್ತದೆ. ಹಳ್ಳ ಬತ್ತಿದರೆ ಆ ಕೆಸರು ಎಲ್ಲಿಂದ ಬರಬೇಕು?

ನಮ್ಮ ಭಾವನ ಅಡಿಕೆ ತೋಟಕ್ಕೆ ಜಡ್ಡಿಯ ಮೇಲಿಂದಲೇ ಪೈಪು ಬರುತ್ತಿತ್ತು. "ಗಿಡ ನೆಡು, ಬೇಡ ಅನ್ನಲ್ಲ. ನೀರು ಬಿಡು ಅಂದ್ರೆ ತೋಟಕ್ಕೆ ಏನು ಮಾಡ್ಲಿ?" ಅಂದರು. ನ್ಯಾಯವಾದ ಮಾತೇ. ತೋಟಕ್ಕೆ ದಪ್ಪ ಮುಚ್ಚಿಗೆ ಹಾಕಿದೆವು, ನೀರಿನ ಖರ್ಚು ಇಳಿಯಿತು. ಮುಚ್ಚಿಗೆಯ ದರಕನ್ನು ಮೇಲಿನ ಬೆಟ್ಟದಿಂದ ತರುತ್ತೇವೆ, ಹಳ್ಳದ ದಡದ್ದು ಮುಟ್ಟುವುದಿಲ್ಲ. ಈಗ ಜಡ್ಡಿ ದಾಟಿದ ಮೇಲೆ, ಕೆಳಗಿನ ಗುಂಡಿಯಿಂದ ಪಂಪು ಎತ್ತುತ್ತದೆ. ಕರೆಂಟ್ ಬಿಲ್ ಇಬ್ಬರೂ ಅರ್ಧರ್ಧ ಹಾಕುತ್ತೇವೆ.